30×40 ಮನೇಲಿ ಗೊಬ್ಬರ, ಮಳೆನೀರು, ಸೊಪ್ಪು ತರಕಾರಿ ಎಲ್ಲಾ ಮಾಡ್ಬೇಕು ಅಂತಿದೀನಿ, ಯಾವುದ್ರಿಂದ ಶುರು ಮಾಡ್ಲಿ?

ಮಹಡಿಮನೆ:

ಎಲ್ರಿಗೂ ನಮಸ್ಕಾರ. ನಾವಿರೋದು ಬೆಂಗ್ಳೂರಲ್ಲಿ ಉಲ್ಲಾಳ ಕಡೆ, 30×40 ಸೈಟು, 2006ರಲ್ಲಿ ಕಟ್ಟಿದ ಮನೆ. ಕೆಳಗಡೆ ಬಾಡಿಗೆಯವ್ರಿದಾರೆ, ಮೇಲೆ ನಾವು ಐದು ಜನ, ನಾನು ನಮ್ಮನೆಯವ್ರು ಅತ್ತೆ ಇಬ್ರು ಮಕ್ಳು. 2024ರ ಮಾರ್ಚಲ್ಲಿ ನಮ್ಮ ಬೋರ್ ಪೂರ್ತಿ ಬತ್ತೋಯ್ತು, ಟ್ಯಾಂಕರ್‌ಗೆ ಫೋನ್ ಮಾಡಿ ಮಾಡಿ ಸಾಕಾಗೋಯ್ತು, ದುಡ್ಡು ಕೊಡ್ತೀವಿ ಅಂದ್ರೂ ಮೂರು ದಿನ ಕಾಯ್ಬೇಕಿತ್ತು. ಅದೇ ವರ್ಷ ಆಗಸ್ಟಲ್ಲಿ ಒಂದು ರಾತ್ರಿ ಜೋರು ಮಳೆ ಬಂತು, ನಾನು ಕಿಟಕಿ ಹತ್ರ ನಿಂತು ನೋಡ್ತಿದ್ರೆ ನಮ್ಮ ತಾರಸಿ ನೀರೆಲ್ಲಾ ಪೈಪಲ್ಲಿ ಧೋ ಅಂತ ಇಳಿದು ರಸ್ತೆಗೆ ಹೋಗ್ತಿದೆ, ಮಾರ್ಚಲ್ಲಿ ಟ್ಯಾಂಕರ್ ನಿಲ್ತಿತ್ತಲ್ಲ ಅದೇ ಜಾಗಕ್ಕೆ. ಆವತ್ತಿಂದ ತಲೇಲಿ ಇದೇ ಕೊರೀತಿದೆ.

ನಮ್ಮತ್ತೆ ಕಡೂರು ಕಡೆಯೋರು, ಅವ್ರ ಹಳ್ಳಿ ಮನೇಲಿ ಹಿತ್ಲಲ್ಲೇ ಸೊಪ್ಪು ಬದನೆಕಾಯಿ ಎಲ್ಲಾ ಆಗ್ತಿತ್ತಂತೆ, ಪಾತ್ರೆ ತೊಳೆದ ನೀರೇ ಬಾಳೆ ಬುಡಕ್ಕೆ ಹೋಗ್ತಿತ್ತಂತೆ. ಇಲ್ಲಿ ಒಂದು ಕರಿಬೇವಿನ ಎಸಳಿಗೂ ಅಂಗಡಿಗೆ ಹೋಗ್ಬೇಕಲ್ಲಮ್ಮ ಅಂತ ಬೇಜಾರು ಮಾಡ್ಕೋತಾರೆ.

ಸುಮ್ನೆ ಕೂತಿಲ್ಲ, ಎರಡು ಸಲ ಪ್ರಯತ್ನ ಮಾಡಿದೀನಿ. ಆನ್‌ಲೈನಲ್ಲಿ 6000 ಕೊಟ್ಟು 20 ಗ್ರೋ ಬ್ಯಾಗು, ಮಣ್ಣು, ಬೀಜ ಎಲ್ಲಾ ಸೇರಿರೋ ಸೆಟ್ ತರಿಸಿದೆ, ಟೊಮೇಟೊ ಎಲೆ ಮುದುಡ್ಕೊಂತು, ದಾಸವಾಳದಿಂದ ಬಿಳಿ ಹಿಟ್ಟಿನ ಥರದ ಹುಳ ಎಲ್ಲಾ ಗಿಡಕ್ಕೂ ಹಬ್ಬಿತು, ಏಪ್ರಿಲ್ ಬಿಸ್ಲಿಗೆ ಉಳಿದಿದ್ದೂ ಹೋಯ್ತು. ಆಮೇಲೆ ಒಂದು ಡ್ರಮ್ಮಲ್ಲಿ ಕಸದ ಗೊಬ್ಬರ ಮಾಡೋಕೆ ಹೋದೆ, ಹದಿನೈದು ದಿನಕ್ಕೆ ವಾಸನೆ, ಹುಳ, ಕೆಳಗಿನ ಮನೆಯವ್ರು ಬಂದು ಹೇಳಿದ್ರು, ನಿಲ್ಲಿಸ್ಬಿಟ್ಟೆ. ನಮ್ಮನೆಯವ್ರಿಗೆ ತಾರಸಿ ಸೋರುತ್ತೆ ಅನ್ನೋ ಭಯ ಬೇರೆ.

ಈಗ ಕೈಲಿ 15,000 ಇದೆ. ಎಲ್ಲಾ ಒಟ್ಟಿಗೆ ಆಗಲ್ಲ ಅಂತ ಗೊತ್ತು. ಯಾವುದು ಮೊದಲು ಯಾವುದು ಆಮೇಲೆ, ಮಾಡಿ ನೋಡಿರೋರು ಹೇಳಿ ಪ್ಲೀಸ್.

ಒಂದೆಲಗ:

ಮೇಡಂ, ನಾನು ಹನ್ನೊಂದು ವರ್ಷದಿಂದ ಮಾಡ್ತಿದೀನಿ, ನಮ್ದೂ ಹೆಚ್ಚು ಕಮ್ಮಿ ಇಂಥದೇ ಮನೆ. ನನ್ನ ಅಭಿಪ್ರಾಯ ಹೇಳ್ತೀನಿ, ಗಿಡದಿಂದ ಶುರು ಮಾಡ್ಬೇಡಿ. ನಿಮ್ಮನೆ ಗೇಟಿಂದ ದಿನಾ ಏನೇನು ಆಚೆ ಹೋಗ್ತಿದೆ ಅಂತ ಒಂದು ವಾರ ನೋಡಿ. ಹಸಿಕಸ ಹೋಗ್ತಿದೆ, ಅಕ್ಕಿ ತೊಳೆದ ನೀರು ಹೋಗ್ತಿದೆ, ಮಳೆನೀರು ಹೋಗ್ತಿದೆ. ಅದನ್ನ ಒಳಗೆ ನಿಲ್ಲಿಸ್ಕೊಳ್ಳೋದು ಕಲಿತ ಮೇಲೆ ಗಿಡ ತಾನಾಗೇ ಬರುತ್ತೆ. ಉಲ್ಟಾ ಮಾಡಿದ್ರೆ ಗಿಡಕ್ಕೋಸ್ಕರ ಮಣ್ಣು ಕೊಳ್ಳೋದು, ಗೊಬ್ಬರ ಕೊಳ್ಳೋದು, ಕೊನೆಗೆ ನೀರೂ ಕೊಳ್ಳೋದು, ನಾನೂ ಮೊದಲನೇ ವರ್ಷ ಅದೇ ಮಾಡಿದ್ದು.

ಗೊಬ್ಬರ ಯಾಕೆ ಕೆಟ್ಟಿತು ಅಂದ್ರೆ ಒಣ ಎಲೆ ಇಲ್ದೆ ಮಾಡಿದೀರ, ನೀವು ಬರೆದಿಲ್ಲ ಆದ್ರೂ ವಾಸನೆ ಅಂದ್ರೆ ಅದೇ. ಬರೀ ಹಸಿಕಸ ಹಾಕಿದ್ರೆ ಅದರ ನೀರಲ್ಲೇ ಅದು ಕೊಳೆಯುತ್ತೆ, ಗಾಳಿ ಆಡಲ್ಲ. ಒಂದು ಡಬ್ಬ ಹಸಿಕಸಕ್ಕೆ ಅಷ್ಟೇ ಗಾತ್ರದ ಒಣ ಎಲೆ ಹಾಕ್ಲೇಬೇಕು, ಕಡಿಮೆ ಆದ್ರೆ ಕೊಳೆತ ವಾಸನೆ ಬರುತ್ತೆ, ಜಾಸ್ತಿ ಆದ್ರೆ ಒಣಗಿ ಇರುವೆ ಸೇರ್ಕೊಳುತ್ತೆ ಆಗ ಒಂದ್ ಲೋಟ ನೀರು ಚಿಮುಕಿಸಿ. ಎಲೆ ಎಲ್ಲಿಂದ ಅಂತ ಕೇಳ್ತೀರ, ಫೆಬ್ರವರಿ ಮಾರ್ಚಲ್ಲಿ ಬೆಂಗ್ಳೂರಿನ ಹೊಂಗೆ ಮರಗಳೆಲ್ಲಾ ಎಲೆ ಉದುರಿಸ್ತವೆ, ನಮ್ಮ ರಸ್ತೆ ಗುಡಿಸೋ ಅಕ್ಕನಿಗೆ ಹೇಳಿಟ್ಟಿದೀನಿ, ಎರಡು ಗೋಣಿಚೀಲ ನಮ್ಮ ಗೇಟ್ ಹತ್ರ ಇಡ್ತೀನಿ ಅವ್ರು ಅದಕ್ಕೇ ತುಂಬ್ತಾರೆ, ಇಲ್ಲಾಂದ್ರೆ ಯಾರಾದ್ರೂ ಅದಕ್ಕೆ ಬೆಂಕಿ ಹಚ್ಚಿ ರಸ್ತೆ ತುಂಬ ಹೊಗೆ ಮಾಡ್ತಾರೆ. ಎಂಟು ಚೀಲ ಇಟ್ಕೊಂಡ್ರೆ ನನಗೆ ವರ್ಷ ಪೂರ್ತಿ ಸಾಲುತ್ತೆ.

ಡ್ರಮ್ ಬೇಡ, ಆಳ ಜಾಸ್ತಿ. ಪೇಂಟ್ ಅಂಗಡೀಲಿ ಇಲ್ಲಾ ಮನೆ ಕಟ್ತಿರೋ ಕಡೆ 20 ಲೀಟರ್ ಖಾಲಿ ಬಕೆಟ್ ಸಿಗುತ್ತೆ, ಮೂರು ತಗೊಳ್ಳಿ, ಸುತ್ತ ಮತ್ತೆ ತಳಕ್ಕೆ ಕಾಯಿಸಿದ ಮೊಳೆಯಿಂದ ತೂತು ಮಾಡಿ, ಕೆಳಗೊಂದು ತಟ್ಟೆ ಇಡಿ. ತಳಕ್ಕೆ ನಾಲ್ಕಿಂಚು ಒಣ ಎಲೆ, ಆಮೇಲೆ ದಿನಾ ಕಸ, ಅದರ ಮೇಲೆ ಎಲೆ, ವಾರಕ್ಕೊಮ್ಮೆ ಒಂದು ಲೋಟ ಹುಳಿ ಮಜ್ಜಿಗೆಗೆ ಚೂರು ಬೆಲ್ಲ ಕರಗಿಸಿ ಹಾಕಿ ಕೋಲಲ್ಲಿ ತಿರುವಿ. ನಾಲ್ಕು ದಿನಕ್ಕೆ ಕೈ ಇಟ್ರೆ ಬಿಸಿ ಗೊತ್ತಾಗುತ್ತೆ, ಬಿಳಿ ಬೂಷ್ಟು ಬಂದ್ರೆ ಖುಷಿ ಪಡಿ, ಅದೇ ಕೆಲ್ಸ ಮಾಡೋದು. ಒಂದು ತುಂಬಿದ ಮೇಲೆ ಮುಚ್ಚಿಟ್ಟು ಇನ್ನೊಂದು ಶುರು, ಮೂರನೇದು ತುಂಬೋ ಹೊತ್ತಿಗೆ ಮೊದಲನೇದು ಕಪ್ಪಗೆ ಪುಡಿಪುಡಿ ಆಗಿರುತ್ತೆ, ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತೆ. ಹೆಚ್ಚು ಕಮ್ಮಿ ಎರಡು ತಿಂಗ್ಳು. ಎಣ್ಣೆ ಪದಾರ್ಥ, ಉಳಿದ ಸಾರು ಹಾಕ್ಬೇಡಿ, ನಿಂಬೆಸಿಪ್ಪೆ ಜಾಸ್ತಿ ಬೇಡ.

ಹುಳದ ವಿಷ್ಯ. ದಪ್ಪಗೆ ಬೂದು ಬಣ್ಣದಲ್ಲಿ ಚಪ್ಪಟೆ ಇದ್ರೆ ಅದು ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನೋ ನೊಣದ ಮರಿ, ಅದು ಯಾರಿಗೂ ಏನೂ ಮಾಡಲ್ಲ, ಕಸ ಬೇಗ ತಿಂದು ಮುಗಿಸುತ್ತೆ, ದೊಡ್ಡ ನೊಣ ಆದ್ಮೇಲೂ ಊಟದ ಮೇಲೆ ಬಂದು ಕೂರೋ ಜಾತಿ ಅಲ್ಲ. ನೋಡೋಕಾಗಲ್ಲ ಅನ್ನಿಸಿದ್ರೆ ಎಲೆ ಜಾಸ್ತಿ ಹಾಕಿ ಒಣ ಮಾಡಿ, ಕಡಿಮೆ ಆಗ್ತವೆ.

ಇನ್ನೊಂದು ಹೇಳ್ಲೇಬೇಕು. ನಾವು ಆಚೆ ಕಳಿಸೋ ಕಸ ಎಲ್ಲೋ ಮಾಯ ಆಗಲ್ಲ, ಮಾವಳ್ಳಿಪುರ, ಮಂಡೂರು ಜನ ಎಷ್ಟು ವರ್ಷ ನಮ್ಮ ಕಸದ ವಾಸನೇಲಿ ಬದುಕಿದ್ರು, ಅವ್ರು ಹೋರಾಟ ಮಾಡಿ ನಿಲ್ಲಿಸಿದ ಮೇಲೇನೇ ನಮಗೆ ಹಸಿಕಸ ಒಣಕಸ ಅಂತ ಬೇರೆ ಮಾಡೋಕೆ ಬಂದಿದ್ದು. ನಾನು ಬಕೆಟ್ ತಿರುವುವಾಗ ಇದು ಪ್ರತೀ ಸಲ ನೆನಪಾಗುತ್ತೆ.

ಬಾಲ್ಕನಿ_ಬಸಳೆ:

ನಾನು ಬಾಡಿಗೆ ಮನೆ, ಎರಡನೇ ಫ್ಲೋರು, ಬಾಲ್ಕನಿ ಎಂಟಡಿ ನಾಲ್ಕಡಿ ಅಷ್ಟೇ. ಒಂದೆಲಗ ಅವ್ರು ಹೇಳಿದ್ದು ನೂರಕ್ಕೆ ನೂರು. ಅಕ್ಕ ನೀವು ಟೊಮೇಟೊ ಹಾಕ್ಬೇಡಿ ಈಗ್ಲೇ, ಬಸಳೆ ಹಾಕಿ. ಮಾರ್ಕೆಟಿಂದ ತಂದ ಕಂತೇಲಿ ಎಲೆ ಬಿಡಿಸ್ಕೊಂಡು ದಂಟು ಎಸಿತೀವಲ್ಲ ಅದನ್ನೇ ಚುಚ್ಚಿ, ಒಂದು ಪೈಸೆ ಖರ್ಚಿಲ್ಲ, ಬಾಲ್ಕನಿ ಗ್ರಿಲ್ಲಿಗೆ ಹಬ್ಬಿಸಿದೀನಿ ನೆರಳೂ ಆಯ್ತು ವಾರಕ್ಕೊಂದು ಸಲ ಹುಳಿಗೂ ಆಯ್ತು. ಪುದೀನನೂ ಹಾಗೇ ಬರುತ್ತೆ. ಮೆಂತ್ಯ ಅಡುಗೆ ಡಬ್ಬೀದೇ ಚೆಲ್ಲಿ, ಮೂರು ವಾರಕ್ಕೆ ಕೀಳ್ಬಹುದು. ಕೊತ್ತಂಬರಿ ಬೀಜ ಮಾತ್ರ ಲಟ್ಟಣಿಗೇಲಿ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಹಾಕ್ಬೇಕು, ಪುಡಿ ಆಗ್ಬಾರ್ದು.

ಮಳೆಲೆಕ್ಕ:

ನಮಸ್ಕಾರ ಅಮ್ಮ. ನಾನು ಕಟ್ಟಡ ಕೆಲಸದಲ್ಲಿದ್ದು ರಿಟೈರ್ ಆದೋನು. ನಿಮ್ಮ ಆಗಸ್ಟ್ ರಾತ್ರಿ ಓದಿ ಸುಮ್ನಿರೋಕೆ ಆಗ್ಲಿಲ್ಲ.

ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು. ನಿಮ್ಮ ತಾರಸಿ 900 ಚದರಡಿ ಅಂದ್ಕೊಳ್ಳೋಣ, ಅಂದ್ರೆ 84 ಚದರ ಮೀಟರ್. ಬೆಂಗ್ಳೂರಿಗೆ ವರ್ಷಕ್ಕೆ ಸರಾಸರಿ 970 ಮಿಮೀ ಮಳೆ. ಗುಣಿಸಿದ್ರೆ 81,000 ಲೀಟರ್ ಮೇಲಾಗುತ್ತೆ, ಸೋರಿದ್ದು ಆರಿದ್ದು ಮೊದಲ ಕೊಳೆನೀರು ಬಿಟ್ಟಿದ್ದು ಅಂತ ಐದನೇ ಒಂದು ಭಾಗ ಕಳೆದ್ರೂ 65,000 ಲೀಟರ್ ಕೈಗೆ ಸಿಗುತ್ತೆ. ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕದಲ್ಲಿ ನಿಮ್ಮ ಐದು ಜನಕ್ಕೆ 675 ಲೀಟರ್. ಅಂದ್ರೆ ವರ್ಷದಲ್ಲಿ ಮೂರು ತಿಂಗಳ ನೀರು ನಿಮ್ಮ ತಲೆ ಮೇಲೇ ಬಿದ್ದು ಮೋರಿಗೆ ಹೋಗ್ತಿದೆ. ಇನ್ನೊಂದು ಕಡೆ ಕಾವೇರಿ ನೀರನ್ನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರ್ತಾರೆ, ಆ ಕರೆಂಟ್ ಯೋಚನೆ ಮಾಡಿ.

ತೊಂದ್ರೆ ಇರೋದು ಶೇಖರಣೆಗೆ. ಆಗಸ್ಟಿಂದ ಅಕ್ಟೋಬರ್ ತನಕ ಜಾಸ್ತಿ ಬೀಳುತ್ತೆ, ಆಗ ಸಂಪ್ ತುಂಬಿರುತ್ತೆ. ಅದಕ್ಕೇ ಎರಡು ಹೆಜ್ಜೆ. ಮೊದಲನೇದು, ಇಳಿಯೋ ಪೈಪ್‌ಗಳನ್ನ ಸೇರಿಸಿ ಒಂದು ಫಿಲ್ಟರ್ ಮೂಲಕ ಸಂಪಿಗೆ ಬಿಡಿ. ಫಿಲ್ಟರ್ ಅಂದ್ರೆ ದೊಡ್ಡದೇನಲ್ಲ, ಒಂದು ಡ್ರಮ್ಮಲ್ಲಿ ಕೆಳಗೆ ದಪ್ಪ ಜೆಲ್ಲಿ, ಮೇಲೆ ಸಣ್ಣ ಜೆಲ್ಲಿ, ಆಮೇಲೆ ತೊಳೆದ ಮರಳು, ಮಧ್ಯೆ ಮಧ್ಯೆ ಸೊಳ್ಳೆಪರದೆ ಥರದ ಜಾಲರಿ. ಅದಕ್ಕೂ ಮುಂಚೆ ಒಂದು ವಾಲ್ವ್ ಇಟ್ಟು ವರ್ಷದ ಮೊದಲನೇ ಎರಡು ಮಳೆ ನೀರು ಆಚೆ ಬಿಡಿ, ಪಾರಿವಾಳದ ಗಲೀಜು ಧೂಳು ಎಲ್ಲಾ ಅದರಲ್ಲೇ ಹೋಗುತ್ತೆ. ನಮ್ಮ ಪ್ಲಂಬರ್ ಪೈಪು ಕೂಲಿ ಸೇರಿ 9000 ತಗೊಂಡಿದ್ದ, ನಿಮ್ಮಲ್ಲಿ ಪೈಪ್ ಎಷ್ಟು ದೂರ ಅನ್ನೋದ್ರ ಮೇಲೆ ಹೋಗುತ್ತೆ. 20 ಮಿಮೀ ಬರೋ ಒಂದು ಒಳ್ಳೆ ಮಳೆಗೆ 1300 ಲೀಟರ್ ಸಂಪಿಗೆ ಬೀಳುತ್ತೆ. ಈ ನೀರು ಬಳಸೋಕೆ, ಕುಡಿಯೋದಾದ್ರೆ ಟೆಸ್ಟ್ ಮಾಡಿಸಿ, ಕುದಿಸಿ.

ಎರಡನೇದು, ಸಂಪ್ ತುಂಬಿ ಹೆಚ್ಚಾದ ನೀರಿಗೆ ಇಂಗುಬಾವಿ. ಮೂರಡಿ ಅಗಲ, ಇಪ್ಪತ್ತಡಿ ಆಳ, ಸಿಮೆಂಟ್ ರಿಂಗ್ ಇಳಿಸ್ತಾರೆ, ತಳ ಮುಚ್ಚಲ್ಲ. ತಲತಲಾಂತರದಿಂದ ಬಾವಿ ತೋಡ್ಕೊಂಡು ಬಂದಿರೋ ಭೋವಿ ಸಮುದಾಯದೋರು ಈಗ್ಲೂ ಈ ಊರಲ್ಲಿ ಆ ಕೆಲಸ ಮಾಡ್ತಾರೆ, ಮಣ್ಣು ನೋಡಿ ಎಲ್ಲಿ ಇಂಗುತ್ತೆ ಅಂತ ಹೇಳೋದ್ರಲ್ಲಿ ಅವ್ರ ಕಣ್ಣು ಯಾವ ಇಂಜಿನಿಯರ್‌ಗೂ ಕಡಿಮೆ ಇಲ್ಲ. ಇದು ನಿಮ್ಮ 15,000ದಲ್ಲಿ ಆಗಲ್ಲ, ಮುಂದಿನ ವರ್ಷಕ್ಕಿಟ್ಕೊಳ್ಳಿ. 2009ರ ಕಾನೂನಲ್ಲಿ ಹೊಸ 30×40 ಮನೆಗಳಿಗೆ ಮಳೆಕೊಯ್ಲು ಕಡ್ಡಾಯ ಮಾಡಿದ್ರು, ನಿಮ್ದು ಅದಕ್ಕೂ ಹಿಂದಿನ ಮನೆ ಆದ್ರಿಂದ ಬಿಟ್ಟೋಗಿದೆ ಅನ್ಸುತ್ತೆ. ಜಯನಗರದಲ್ಲಿ ಜಲಮಂಡಳಿಯವ್ರ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಪಾರ್ಕ್ ಇದೆ, ಒಂದು ಭಾನುವಾರ ನಿಮ್ಮ ಯಜಮಾನ್ರನ್ನೂ ಕರ್ಕೊಂಡ್ ಹೋಗಿ, ತೆರೆದಿದ್ಯಾ ಅಂತ ಕೇಳ್ಕೊಂಡು ಹೋಗಿ. ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಅವ್ರು 1995ರಲ್ಲಿ ಮನೆ ಕಟ್ಟಿ ಮಳೆನೀರಲ್ಲೇ ಸಂಸಾರ ನಡೆಸಿ ತೋರಿಸಿದಾರೆ, ಕಾವೇರಿ ಕನೆಕ್ಷನ್ನೇ ತಗೊಂಡಿರ್ಲಿಲ್ಲ.

ಈಗ ಸೋರೋ ಭಯ. ನಿಮ್ಮ ಯಜಮಾನ್ರ ಮಾತು ತಳ್ಳಿಹಾಕ್ಬೇಡಿ, ನ್ಯಾಯ ಇದೆ. ಓಡಾಡೋ ತಾರಸಿಗೆ ಚದರ ಮೀಟರಿಗೆ 150 ಕೆಜಿ ಭಾರ ಅಂತ ಡಿಸೈನ್ ಮಾಡಿರ್ತಾರೆ. ಒಂದಡಿ ದಪ್ಪ ಒದ್ದೆ ಮಣ್ಣು ಹರಡಿದ್ರೆ 500 ಕೆಜಿ ಆಗುತ್ತೆ. ಆದ್ರಿಂದ ತಾರಸಿ ಮೇಲೆ ಪಾತಿ ಕಟ್ಟೋ ಯೋಚನೆ ಯಾವತ್ತೂ ಬೇಡ. ಕುಂಡಗಳನ್ನ ಬೀಮು ಗೋಡೆ ಬರೋ ಅಂಚಲ್ಲಿ ಸಾಲಾಗಿ ಇಡಿ, ಕೆಂಪುಮಣ್ಣಿಗೆ ಅಷ್ಟೇ ತೆಂಗಿನನಾರಿನ ಪುಡಿ, ಅಷ್ಟೇ ಗೊಬ್ಬರ ಸೇರಿಸಿದ್ರೆ ಹಗುರ ಆಗುತ್ತೆ. ಕಬ್ಬಿಣದ ಸ್ಟ್ಯಾಂಡ್ ಇಲ್ಲಾ ಇಟ್ಟಿಗೆ ಮೇಲೆ ಇಡಿ, ಕೆಳಗೆ ಪೊರಕೆ ಆಡ್ಬೇಕು. ಮಳೆಗಾಲ ಮುಗಿದ್ಮೇಲೆ ಸಂದಿಲಿ ಅರಳಿ ಗಿಡ ಹುಟ್ಟಿದ್ಯಾ ನೋಡಿ, ಚಿಕ್ಕದಿದ್ದಾಗ್ಲೇ ತೆಗೀರಿ, ತಾರಸಿ ಒಡೆಯೋದು ಅದು, ನಿಮ್ಮ ಮೆಂತ್ಯ ಸೊಪ್ಪಲ್ಲ.

ಮಹಡಿಮನೆ:

ಸರ್, ಮೂರು ತಿಂಗಳ ನೀರು ಅಂತ ಓದಿ ನಮ್ಮನೆಯವ್ರಿಗೂ ತೋರಿಸಿದೆ, ಅವ್ರೇ ಟೇಪ್ ತಗೊಂಡು ಹೋಗಿ ತಾರಸಿ ಅಳೆದ್ರು, ಮೆಟ್ಟಿಲ ರೂಮು ಬಿಟ್ಟು 880 ಚದರಡಿ ಬಂತು. ತುಂಬಾ ತುಂಬಾ ಥ್ಯಾಂಕ್ಸ್.

ಇನ್ನೂ ಎರಡು ಕೇಳ್ಬೇಕು. ವಾಷಿಂಗ್ ಮೆಷಿನ್ ನೀರು, ಆರ್‌ಓ ಫಿಲ್ಟರಿಂದ ಆಚೆ ಬರೋ ನೀರು ಗಿಡಕ್ಕೆ ಹಾಕ್ಬಹುದಾ? ಮತ್ತೆ ತಾರಸಿ ಮೇಲೆ ಸೋಲಾರ್ ಹಾಕ್ಸಿ ಅಂತ ನಮ್ಮ ಭಾವ ಹೇಳ್ತಿದಾರೆ, ಸೋಲಾರಾ ತೋಟಾನಾ ಅನ್ನೋದೇ ಈಗ ಮನೇಲಿ ಚರ್ಚೆ.

ಹುಬ್ಬಳ್ಳಿ_ಹೌದ:

ನಮಸ್ಕಾರ್ರಿ ಅಕ್ಕಾರ. ನಾವು ಹುಬ್ಬಳ್ಳಿ ಮಂದಿ. ನಮ್ಮ ಓಣ್ಯಾಗ ನಳಾ ದಿನಾ ಬರೂದಿಲ್ರಿ, ಐದು ದಿನಕ್ಕ, ಒಮ್ಮೊಮ್ಮೆ ಎಂಟು ದಿನಕ್ಕ ಬರ್ತದ. ಹಿಂಗಾಗಿ ಸಣ್ಣವರಿದ್ದಾಗಿಂದ ಒಂದು ನೀರು ಎರಡು ಕೆಲಸಕ್ಕ ಬರಬೇಕು ಅಂತ ನಮ್ಮವ್ವ ಕಲಿಸ್ಯಾಳ. ಅಕ್ಕಿ ಬ್ಯಾಳಿ ತೊಳದ ನೀರು ಕರಿಬೇವಿಗೆ, ಅದಕ್ಕ ಕೇಳೂದ ಬ್ಯಾಡ. ಮಶೀನ್ ನೀರು ಮೊದಲನೇದು ಬಿಟ್ಟು ಎರಡನೇ ಸಲ ಜಾಲಿಸಿದ್ದು ಹಿಡದು ಪಾಯಖಾನಿಗೆ, ಅಂಗಳ ತೊಳಿಯಾಕ ಬಳಸ್ರಿ. ಗಿಡಕ್ಕ ಹಾಕೂದಾದ್ರ ಬಾಳಿ, ಕಾಬಾಳಿ ಅಂಥಾವಕ್ಕ ಹಾಕ್ರಿ, ತಪ್ಪಲ ಪಲ್ಯಕ್ಕ ಮಾತ್ರ ಬ್ಯಾಡ್ರಿ. ನಾವು ಅಂಟುವಾಳಕಾಯಿ ನೀರಾಗ ಅರಬಿ ಒಗಿತೀವಿ, ಆ ನೀರಿಗೆ ಗಿಡ ಏನೂ ಮುನಿಸ್ಕೊಳ್ಳೂದಿಲ್ಲ. ಆರ್‌ಓ ನೀರಿನ್ಯಾಗ ಉಪ್ಪಿನಂಶ ಭಾಳ ಇರ್ತದ, ನೆಲ ಒರಸಾಕ, ಭಾಂಡಿ ಮೊದಲನೇ ಸಲ ತೊಳಿಯಾಕ ಛಲೋ, ಕುಂಡಕ್ಕ ದಿನಾ ಹಾಕಿದ್ರ ಮಣ್ಣಿನ ಮ್ಯಾಲೆ ಬಿಳೇ ಪದರ ಕಟ್ಟತದ.

ಇನ್ನೊಂದು ಮಾತು ಯಾರೂ ಹೇಳಲಿಲ್ಲ ನೋಡ್ರಿ. ಮಾಳಗಿ ಮ್ಯಾಲೆ ಬಿಸಿಲೂ ಒಂದು ಬೆಳಿನೇ. ಮಾರ್ಚ್ ಏಪ್ರಿಲ್‌ನ್ಯಾಗ ನಿಮ್ಮ ಗಿಡಾ ಸುಡತಾವಲ್ಲ, ಅದೇ ಹೊತ್ತಿನ್ಯಾಗ ನಮ್ಮನ್ಯಾಗ ಶಾವಿಗಿ, ಸಂಡಿಗಿ, ಹಪ್ಪಳ, ಉಪ್ಪು ಹಚ್ಚಿದ ಮೆಣಸಿನಕಾಯಿ ಎಲ್ಲಾ ವರ್ಷಕ್ಕಾಗುವಷ್ಟು ಒಣಗಸ್ತೀವಿ. ಹಳೇ ಸೀರಿ ಕೂಡಿಸಿ ಕೌದಿ ಹೊಲಿತಾರ ನಮ್ಮವ್ವ, ನಾಲ್ಕು ಸೀರಿಗೆ ಒಂದು ಕೌದಿ. ನಿಮ್ಮ ಅತ್ತೆಯವ್ರಿಗೂ ಇವೆಲ್ಲಾ ಗೊತ್ತಿರ್ತಾವ, ಅವರನ್ನ ಕೇಳ್ರಿ, ಅವರ ಕೈಯಾಗಿನ ವಿದ್ಯಾ ಹೋಗಬಾರದು.

ಮಳೆಲೆಕ್ಕ:

ಹುಬ್ಬಳ್ಳಿಯವ್ರ ಬಿಸಿಲಿನ ಮಾತು ನನಗೂ ಹೊಳೆದಿರ್ಲಿಲ್ಲ.

ಸೋಲಾರ್ ಬಗ್ಗೆ. ಒಂದು ಕಿಲೋವ್ಯಾಟ್‌ಗೆ ಹತ್ರತ್ರ 100 ಚದರಡಿ ಜಾಗ, ದಿನಕ್ಕೆ ಸುಮಾರು 4 ಯೂನಿಟ್. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೇಲಿ 2 ಕಿಲೋವ್ಯಾಟ್‌ವರೆಗೆ ತಲಾ 30,000, 3 ಕಿಲೋವ್ಯಾಟ್‌ಗೆ 78,000 ಸಬ್ಸಿಡಿ ಇದೆ. ಆದ್ರೆ ನಿಮ್ಮನೆ ಗೃಹಜ್ಯೋತೀಲಿ 200 ಯೂನಿಟ್ ಒಳಗೇ ಇದ್ದು ಸೊನ್ನೆ ಬಿಲ್ ಬರ್ತಿದ್ರೆ ದುಡ್ಡಿನ ಲೆಕ್ಕದಲ್ಲಿ ಸದ್ಯಕ್ಕೆ ಲಾಭ ಕಾಣಲ್ಲ. ಸ್ನಾನಕ್ಕೆ ಕರೆಂಟ್ ಗೀಸರ್ ಇದ್ರೆ ಮೊದಲು ಸೋಲಾರ್ ವಾಟರ್ ಹೀಟರ್ ಹಾಕಿಸಿ, ಜಾಗ ಕಡಿಮೆ ಸಾಕು. ಮುಂದೆ ಪ್ಯಾನೆಲ್ ಹಾಕಿಸೋದಾದ್ರೆ ಸ್ಟ್ಯಾಂಡ್ ಏಳೆಂಟಡಿ ಎತ್ತರ ಮಾಡಿಸಿ, ಗಾಳಿಗೆ ಗಟ್ಟಿಯಾಗಿರ್ಲಿ, ಅದರ ಕೆಳಗಿನ ಅರೆನೆರಳಲ್ಲಿ ಸೊಪ್ಪು ಚೆನ್ನಾಗೇ ಬರುತ್ತೆ. ಎರಡೂ ಒಂದೇ ತಾರಸೀಲಿ ಇರ್ಬಹುದು, ಜಗಳ ಬೇಡ.

ಸೊಳ್ಳೆ ಒಂದು ಮರೀಬೇಡಿ. ಸಂಪಿನ ಮುಚ್ಚಳ, ಪೈಪಿನ ಬಾಯಿಗೆ ಜಾಲರಿ ಇರ್ಲಿ, ಕುಂಡದ ತಟ್ಟೆ ನೀರು ವಾರಕ್ಕೊಮ್ಮೆ ಚೆಲ್ಲಿ ಉಜ್ಜಿ. ಡೆಂಗಿ ಸೊಳ್ಳೆ ಇಂಥ ಸ್ವಚ್ಛ ನೀರಲ್ಲೇ ಮೊಟ್ಟೆ ಇಡೋದು.

ಒಂದೆಲಗ:

ಗೊಬ್ಬರ ಆದ್ಮೇಲೆ ಏನು ಬೆಳೀಬೇಕು ಅಂತ ಹೇಳಿ ನಾನು ಮುಗಿಸ್ತೀನಿ. ಮೊದಲನೇ ಆರು ತಿಂಗ್ಳು ಬರೀ ಸೊಪ್ಪು. ದಂಟು ಹರಿವೆ ತಿಂಗ್ಳಿಗೆ ಬರುತ್ತೆ, ಅದಕ್ಕಿಂತ ಮುಖ್ಯ ಒಂದ್ಸಲ ನೆಟ್ರೆ ವರ್ಷಗಟ್ಲೆ ಕೊಡೋವು, ಹೊನಗೊನೆ, ಚಕ್ರಮುನಿ, ದೊಡ್ಡಪತ್ರೆ, ಒಂದೆಲಗ, ಕರಿಬೇವು. ಮಕ್ಳಿರೋ ಮನೆ, ದೊಡ್ಡಪತ್ರೆ ತಂಬುಳಿ ಮಾಡಿ ಕೊಡಿ. ಇವಕ್ಕೆ ರೋಗನೂ ಕಡಿಮೆ ಬೇಸಿಗೆ ಬಿಸ್ಲೂ ತಡೀತವೆ, ಆದ್ರೂ ಏಪ್ರಿಲ್ ಮೇನಲ್ಲಿ ಹಸಿರು ನೆರಳುಪರದೆ ಕಟ್ಟಿ.

ನಿಮ್ಮ ಟೊಮೇಟೊ ಎಲೆ ಮುದುಡಿದ್ದು ಬಿಳಿನೊಣದಿಂದ ಹರಡೋ ವೈರಸ್ ಇರ್ಬೇಕು, ಬೇಸಿಗೇಲಿ ಜಾಸ್ತಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವ್ರ ಅರ್ಕಾ ರಕ್ಷಕ್ ತಳಿ ಅದನ್ನ ತಡ್ಕೊಳುತ್ತೆ, ಆದ್ರೆ ಅದು ಹೈಬ್ರಿಡ್, ಬೀಜ ತೆಗೆದಿಟ್ರೆ ಮುಂದಿನ ಸಲ ಅದೇ ಗುಣ ಬರಲ್ಲ. ಬೆಂಡೆಗೆ ಅರ್ಕಾ ಅನಾಮಿಕಾ ಹಾಕಿ, ಅದರ ಬೀಜ ನಾನು ಒಂದೊಂದು ಕಾಯಿ ಗಿಡದಲ್ಲೇ ಒಣಗೋಕೆ ಬಿಟ್ಟು ತೆಗೀತೀನಿ. ಆ ಬಿಳಿ ಹುಳ ಹಿಟ್ಟುತಿಗಣೆ, ಕಂಡ ದಿನಾನೇ ಹಳೇ ಹಲ್ಲುಜ್ಜೋ ಬ್ರಶ್ಶಲ್ಲಿ ಉಜ್ಜಿ ನೀರು ಜೋರಾಗಿ ಬಿಡಿ, ಆಮೇಲೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನೆಣ್ಣೆ, ಕರಗೋಕೆ ನಾಲ್ಕು ಹನಿ ಸೋಪಿನ ನೀರು ಹಾಕಿ ಸಂಜೆ ಹೊತ್ತು ಹೊಡೀರಿ, ವಾರಕ್ಕೊಂದ್ಸಲ ಮೂರು ವಾರ. ಹೀರೆ ಬಳ್ಳಿ ಹಾಕಿದಾಗ ಕಾಯಿ ಪೀಚಲ್ಲೇ ಉದುರುತ್ತೆ ಅಂತ ಎಲ್ರೂ ಗೋಳಾಡ್ತಾರೆ, ಹೀರೆ ಹೂ ಅರಳೋದು ಸಂಜೆ, ತಾರಸೀಗೆ ಆ ಹೊತ್ತಲ್ಲಿ ಜೇನು ಬರ್ದೇ ಇರ್ಬಹುದು, ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ನೀವೇ ಸವರಿ.

ಎಷ್ಟು ಸಿಗುತ್ತೆ ಅಂದ್ರೆ, ನಿಜ ಹೇಳ್ತೀನಿ, ಹನ್ನೊಂದು ವರ್ಷದ ಮೇಲೂ ಈರುಳ್ಳಿ ಆಲೂಗಡ್ಡೆ ಟೊಮೇಟೊ ಕೊಂಡ್ಕೊಂಡೇ ತರ್ತೀನಿ. ಆದ್ರೆ ಸೊಪ್ಪು, ಕರಿಬೇವು, ಪುದೀನ, ಹಸಿಮೆಣಸಿನಕಾಯಿ ದುಡ್ಡು ಕೊಟ್ಟು ತಂದು ಐದು ವರ್ಷ ಆಯ್ತು. ಮನೆ ಹಸಿಕಸ ಒಂದು ದಿನವೂ ಗಾಡಿಗೆ ಹಾಕಿಲ್ಲ.

ಮಹಡಿಮನೆ:

ಎಲ್ರಿಗೂ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ. ಈ ಭಾನುವಾರ ಪ್ಲಂಬರ್ ಬರ್ತಿದಾರೆ, ಪೈಪು ಫಿಲ್ಟರ್ ಮೊದಲು ಅಂತ ಆಯ್ತು, ಅದನ್ನ ನಮ್ಮನೆಯವ್ರೇ ನೋಡ್ಕೋತೀನಿ ಅಂದಿದಾರೆ. ಪೇಂಟ್ ಬಕೆಟ್ ಮೂರು ಪಕ್ಕದ ಹೊಸ ಮನೆಯಿಂದ ಸಿಕ್ತು, ದುಡ್ಡು ತಗೊಳ್ಲಿಲ್ಲ. ಕೆಳಗಿನ ಮನೆಯವ್ರ ಹತ್ರ ಹೋಗಿ ಈ ಸಲ ಒಣ ಎಲೆ ಹಾಕಿ ಮಾಡ್ತೀನಿ ವಾಸನೆ ಬಂದ್ರೆ ಆವತ್ತೇ ಹೇಳಿ ಅಂದೆ, ಅವ್ರು ನಮ್ಮ ಹಸಿಕಸನೂ ಅದಕ್ಕೇ ಕೊಡ್ಬಹುದಾ ಅಂತ ಕೇಳಿದ್ರು. ಎರಡು ಮನೆ ಕಸ ಅಂದ್ರೆ ಬಕೆಟ್ ಇನ್ನೂ ಎಷ್ಟು ಬೇಕಾಗುತ್ತೆ ಹೇಳಿ ಒಂದೆಲಗ ಅವ್ರೇ? ಅತ್ತೆ ಬೆಳಿಗ್ಗೇನೇ ಬಸಳೆ ದಂಟು ನೀರಲ್ಲಿಟ್ಟು ಕಾಯ್ತಿದಾರೆ.